ಮೀನಿನ ನೀರಿನ ಪುದೀನಾ

ಪ್ರೀತಿಯ ರಂಜನಾ ಅಕ್ಕನಿಗೆ,

ನಾನು ನಿಮ್ಮನ್ನು ನೋಡಿಲ್ಲ. ನೀವು ತೀರಿಕೊಂಡು ಎರಡು ವರ್ಷವಾದ ಮೇಲೆ, ನಿಮ್ಮ ರುದ್ರೇಶರ ಕೈಹಿಡಿದು ಹಾನಗಲ್ಲಿನ ಈ ಮನೆಗೆ ಬಂದವಳು. ಹಂಸಭಾವಿಯ ತನುಜಾ. ನಿಮಗೆ ಹೇಳಬೇಕಾದ ಸುದ್ದಿಯೊಂದಿದೆ. ಬೇರೆ ಯಾರಿಗೆ ಹೇಳಿದರೂ ಪೂರ್ತಿ ಹೇಳಿದಂತಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಂದಾಗ ಇಲ್ಲಿ ನಿಮ್ಮ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಹೊಸಬಳ ಮನಸ್ಸು ನೊಂದೀತೆಂಬ ಮುಲಾಜು. ನಿಮ್ಮದೆಂದು ಕಣ್ಣಿಗೆ ಕಾಣುವಂತೆ ಉಳಿದದ್ದು ಪಡಸಾಲೆಯ ಮೀನಿನ ತೊಟ್ಟಿ ಒಂದೇ. ನಿಮ್ಮ ಮಗಳು ನೀಲಾಂಬಿಕಾ ಶಾಲೆಯಿಂದ ಬಂದವಳೇ ಪಾಟಿಚೀಲವನ್ನೂ ಇಳಿಸದೆ ಅದರ ಮುಂದೆ ಕೂರುತ್ತಿದ್ದಳು. ನಾನು ಹತ್ತಿರ ಹೋದರೆ, "ನಮ್ಮವ್ವನ ಮೀನ ಅದಾವ. ಮುಟ್ಟಬ್ಯಾಡ್ರಿ," ಅನ್ನುತ್ತಿದ್ದಳು. ಒರಟಾಗಿ ಅಲ್ಲ ಅಕ್ಕಾ, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ಹೇಳುವ ಹಾಗೆ. ಒರಟಾಗಿ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ದಸರೆ ಮುಗಿದ ಮೇಲೆ ತೊಟ್ಟಿಯ ನೀರು ಹಸಿರುಗಟ್ಟಿ ನಾರತೊಡಗಿತು. ಮಗಳಿಗೆ ಖುಷಿಯಾಗಲೆಂದು ರುದ್ರೇಶರು, ಅವಳು ಶಾಲೆಗೆ ಹೋದಾಗ, ಇದ್ದ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ತಿಕ್ಕಿ, ನಳದ ಹೊಸ ನೀರು ತುಂಬಿಸಿದರು. ತೊಟ್ಟಿ ಫಳಫಳ ಹೊಳೆಯಿತು. ಮೀನುಗಳಿಗೆ ಆ ಬದಲಾವಣೆ ತಾಳಲಾಗಲಿಲ್ಲ. ಮರುದಿನ ಮುಂಜಾನೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಎರಡೇ ಉಳಿದವು. ಅವೂ ಮೂಲೆಯಲ್ಲಿ ಬಾಯಿ ತೆರೆಯುತ್ತ ಮುಚ್ಚುತ್ತ ನಿಂತಿದ್ದವು. ನೀಲಾ ಅಳಲಿಲ್ಲ, ಊಟ ಬಿಟ್ಟಳು. ಅತ್ತೆ ಫಕ್ಕೀರವ್ವ, "ಇನ್ನ ಇದನ್ನ ಮನ್ಯಾಗ ಇಡೂದು ಬ್ಯಾಡ. ಯಾರಿಗಾರ ಕೊಟ್ಟುಬಿಡ್ರಿ," ಎಂದರು. ರುದ್ರೇಶರು ತಲೆ ತಗ್ಗಿಸಿ ನಿಂತಿದ್ದರು. ಮಗು ಎರಡೂ ಕೈಯಿಂದ ತೊಟ್ಟಿಯನ್ನು ತಬ್ಬಿಕೊಂಡಿತ್ತು. ಆಗ ನನ್ನ ಬಾಯಿಂದ ಬಂತು: "ಅತ್ತೀ, ಇದು ಎಲ್ಲೂ ಹೋಗೂದಿಲ್ರಿ." ಈ ಮನೆಯಲ್ಲಿ ನಾನು ಆಡಿದ ಮೊದಲ ಗಟ್ಟಿ ಮಾತು ಅದು.

ನನ್ನ ತವರಿನವರು ಸಸಿ ಬೆಳೆಸಿ ಮಾರುವವರು. ಮೀನಿನ ಹೊಲಸು ಗಿಡಕ್ಕೆ ಗೊಬ್ಬರವೆಂದು ಕೇಳಿದ್ದೆ. ಮೊಬೈಲಿನಲ್ಲಿ ಹುಡುಕಿದಾಗ ದಾರಿಯೂ ಸಿಕ್ಕಿತು. ತೊಟ್ಟಿಯ ಅಂಚಿಗೆ ಉದ್ದನೆಯ ಡಬ್ಬಿಯೊಂದನ್ನು ತಗುಲಿಸಬೇಕು, ಅದರ ತುಂಬ ಬೆಣಚುಕಲ್ಲು, ಕಲ್ಲಿನ ನಡುವೆ ಗಿಡ. ಸಣ್ಣ ಪಂಪು ನೀರನ್ನು ಮೇಲಕ್ಕೆತ್ತುತ್ತದೆ. ಬೇರುಗಳು ಹೊಲಸನ್ನು ಹೀರಿಕೊಂಡು ತಿಳಿನೀರನ್ನು ಮೀನಿಗೆ ಬಿಡುತ್ತವೆ. ಮಣ್ಣೇ ಬೇಡ. ನೀಲಾಳ ಪಕ್ಕ ಕೂತು ವಿಡಿಯೋ ತೋರಿಸಿ, "ನೀ ಹೂಂ ಅಂದ್ರ ಮಾಡೂಣು, ಇಲ್ಲಾಂದ್ರ ಇಲ್ಲ," ಅಂದೆ. ಬಹಳ ಹೊತ್ತು ನೋಡಿ ಕೇಳಿದಳು: "ಬೇರು ಮೀನಕ್ಕ ಚುಚ್ಚತಾವೇನ್ರಿ?"

ಪಂಪಿಗಾಗಿ ಸವಣೂರಿಗೆ ಹೋದೆವು, ನೀವು ಮೀನು ತರುತ್ತಿದ್ದ ಇಮ್ರಾನನ ಅಂಗಡಿಗೆ. ಅವನು ನೀಲಾಳನ್ನು ಗುರುತಿಸಿದ. "ರಂಜನಾಬಾಯಾರ ಮಗಳಲ್ಲೇನವ್ವಾ? ಒಂದ ಮೀನ ಒಯ್ಯಾಕ ನಿಮ್ಮವ್ವಾರು ಅರ್ಧಾ ದಿನಾ ನಿಂದರ್ತಿದ್ರು. ಈ ಮೀನ ಮಕಾ ಗಂಟ ಹಾಕ್ಕೊಂಡೈತಿ, ಆ ನಗೂದು ಕೊಡು ಅಂತಿದ್ರು!" ನನ್ನೆದುರು ಒಬ್ಬರು ನಿಮ್ಮ ಹೆಸರೆತ್ತಿದ್ದು ಅದೇ ಮೊದಲು. ನೀಲಾ ಗಾಬರಿಯಿಂದ ನನ್ನ ಮುಖ ನೋಡಿದಳು. ನನಗೆ ನಗು ಬಂತು. ಅದನ್ನು ನೋಡಿ ಅವಳಿಗೂ ಬಂತು. ಹಾನಗಲ್ಲು ಮುಟ್ಟುವ ತನಕ ಬಸ್ಸಿನಲ್ಲಿ ನಿಮ್ಮದೇ ಮಾತು.

ರುದ್ರೇಶರದು ಮೋಟಾರು ರಿಪೇರಿಯ ಕೈ. ಡಬ್ಬಿ, ಪಂಪು ಎಲ್ಲವನ್ನೂ ತಾವೇ ಜೋಡಿಸಿಕೊಟ್ಟರು. ಪುದೀನಾ ಕಡ್ಡಿ, ದೊಡ್ಡಪತ್ರೆ, ಒಂದಿಷ್ಟು ಕಾಮಕಸ್ತೂರಿ ನೆಟ್ಟೆವು. ಮೊದಲಿಗೆ ಎಲೆಗಳು ಸೊರಗಿದವು, ನನ್ನ ಧೈರ್ಯವೂ ಸೊರಗಿತು. ಆಮೇಲೊಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ಪಡಸಾಲೆಯಿಂದ ನೀಲಾಳ ಕೂಗು: "ಲಗೂನ ಬಾ! ಬೇರು ಬಂದಾವ, ನೋಡ ಬಾ!" ಹಿಟ್ಟಿನ ಕೈಯಲ್ಲೇ ಓಡಿದೆ. ಕಲ್ಲು ಸರಿಸಿ ತೋರಿಸಿದಳು, ಬಿಳಿ ದಾರದಂಥ ಬೇರು. ನನಗೆ ಅದು ಸರಿಯಾಗಿ ಕಾಣಲೇ ಇಲ್ಲ ಅಕ್ಕಾ, ಕಣ್ಣು ತುಂಬಿತ್ತು. ಅವಳು 'ಬರ್ರಿ' ಅಂದಿರಲಿಲ್ಲ, 'ಬಾ' ಅಂದಿದ್ದಳು. ನಮ್ಮ ಕಡೆ ಮಕ್ಕಳು ಅವ್ವನನ್ನು ಹೇಗೆ ಕರೆಯುತ್ತಾರೆಂದು ನಿಮಗೆ ಹೇಳಬೇಕೇ?

ನೀರು ತಿಳಿಯಾಯಿತು. ಮೀನುಗಳು ಮೂಲೆ ಬಿಟ್ಟು ಓಡಾಡತೊಡಗಿದವು. ಪುದೀನಾ ಡಬ್ಬಿ ತುಂಬಿ ಇಳಿಬಿತ್ತು. ಚಟ್ನಿ ಅರೆದು ಬಡಿಸಿದರೆ ಅತ್ತೆ ತಾಟು ದೂಡಿದರು. "ಮೀನದ ನೀರಾಗಿಂದು! ಲಿಂಗಾ ಕಟ್ಟಿದ ಕೊರಳಾಗ ಇದನ್ನ ಇಳಸ್ತೀಯೇನ?" ನಿಮ್ಮ ಮಗಳು ಕೂಡಲೇ, "ಅಜ್ಜೀ, ತಿಪ್ಪಿಗೊಬ್ಬರ ಹಾಕಿದ ಹೊಲದ ಜ್ವಾಳಾ ದಿನಾ ಉಣ್ತಿ, ಅದು ಹೆಂಗ ಇಳೀತೈತಿ?" ಅಂದಳು. ಅತ್ತೆ ಕಣ್ಣು ಕೆಕ್ಕರಿಸಿದರು. ಆಮೇಲೆ ರೊಟ್ಟಿ ಮುರಿದು ಚಟ್ನಿಗೆ ಹಚ್ಚಿದರು. "ರಂಜೂನ ಬಾಯೇ ಬಂದೈತಿ ಇದಕ್ಕ," ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

ಕಳೆದ ರವಿವಾರ ನೀಲಾ ಹಠ ಹಿಡಿದಳು. ಪುದೀನಾ ಕಡ್ಡಿಯನ್ನು ತಡಸದ ಅಜ್ಜಿಗೆ ಕೊಡಬೇಕು, ನೀನೂ ಬರಬೇಕು. ನಿಮ್ಮ ತವರಿಗೆ ನಾನು ಯಾವ ಮುಖ ಹೊತ್ತು ಹೋಗಲಿ? ಮಗಳ ಜಾಗಕ್ಕೆ ಬಂದವಳನ್ನು ತಾಯಿ ಹೇಗೆ ನೋಡುತ್ತಾಳೆ? ಆದರೂ ಹೋದೆ. ನಿಮ್ಮವ್ವ ಬಾಗಿಲಲ್ಲೇ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕಾಲಿಗೆ ಎರಗಿದೆ. ಅವರು ಕಡ್ಡಿಯನ್ನು ಬಚ್ಚಲ ನೀರು ಹರಿಯುವಲ್ಲಿ ಊರಿದರು. ಉಣಬಡಿಸಿದರು. ಬಸ್ಸಿಗೆ ಹೊತ್ತಾಗುತ್ತದೆಂದು ಎದ್ದರೆ, "ಕುಂದರು," ಅಂದರು. ಮಣೆ ಹಾಕಿ, ಕುಂಕುಮ ಹಚ್ಚಿ, ನನ್ನ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಖಣ ಹಾಕಿ ಉಡಿ ತುಂಬಿದರು. "ತವರಿಗೆ ಬಂದ ಮಗಳು ಬರೀ ಉಡೀಲೆ ಹೋಗಬಾರದವ್ವಾ," ಅಂದರು.

ಆ ಅಕ್ಕಿಯನ್ನು ಇವತ್ತು ಬೇಯಿಸಿ ನಾವು ನಾಲ್ವರೂ ಉಂಡೆವು.

ನೀಲಾಳ ತಲೆಯ ಮೇಲೆ ನಿಮ್ಮ ಕೈ ಸದಾ ಇರಲಿ ಅಕ್ಕಾ. ಆ ತಲೆ ಬಾಚಿ ಜಡೆ ಹೆಣೆಯುವುದನ್ನು ನಾನು ನೋಡಿಕೊಳ್ಳುತ್ತೇನೆ. ನೀವು ನಿಶ್ಚಿಂತೆಯಿಂದಿರಿ.

ತಡಸದ ನಿಮ್ಮವ್ವನ ಇನ್ನೊಬ್ಬ ಮಗಳು,
ತನುಜಾ