ಅವ್ವನ ನೀಲಿ

ಮೇಲೇರು ಶಕೆ ೧೪೩, ಇಮ್ಮಡಿ ಶ್ರಾವಣದ ಮೂವತ್ತೆಂಟನೆಯ ಹಗಲು
ಮಲಪ್ರಭೆಯ ಮೇಲ್ದಂಡೆ, ಗುಡ್ಡದೂರು

ನಮಗಿಂತ ಮುಂಚೆ ಬಾಳಿದ ಹಿರಿಯರಿಗೆ ನೇಕಾರಗಿತ್ತಿ ದ್ಯಾಮಕ್ಕನ ಶರಣು.

ಈ ದಿನಾಂಕ ನಿಮಗೆ ತಪ್ಪಾಗಿ ಕಂಡೀತು. ಮಳೆಗಾಲ ಹಿಗ್ಗಿದ ಮೇಲೆ ನಮ್ಮವರು ಶ್ರಾವಣಕ್ಕೂ ದಿನ ಕೂಡಿಸಿದರು. ಹಳೆಯ ಊರನ್ನು ಹೊಳೆ ನುಂಗಿ ಜನ ಗುಡ್ಡ ಹತ್ತಿದ ವರ್ಷದಿಂದ ನಾವು ಶಕೆ ಎಣಿಸುತ್ತೇವೆ. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿರುವುದರಿಂದ ಮಾತು ಎಲ್ಲಾದರೂ ಎಡವಿದರೆ ಮನ್ನಿಸಿ. ಇವತ್ತಂತೂ ಕೈ ಒಂದು ಕಡೆ ನಿಲ್ಲುತ್ತಿಲ್ಲ. ನನ್ನ ತಂಗಿ ಹೊನ್ನಕ್ಕನ ಮದುವೆ ಈಗಷ್ಟೇ ಮುಗಿಯಿತು, ಅದೂ ನೀಲಿ ಸೀರೆಯಲ್ಲಿ!

ಅದರಲ್ಲೇನು ವಿಶೇಷ ಎಂದೀರಿ. ನಿಮ್ಮ ಚಿತ್ರಗಳನ್ನು ಕಂಡಿದ್ದೇನೆ: ಪ್ಯಾಂಟು ನೀಲಿ, ಬಕೆಟ್ಟು ನೀಲಿ, ಮನೆಯ ಬಾಗಿಲೂ ನೀಲಿ. ನಮ್ಮ ಗುಡ್ಡದಲ್ಲಿ ಆ ಬಣ್ಣವನ್ನು ಯಾರೂ ಮುಟ್ಟುತ್ತಿರಲಿಲ್ಲ. ನಮ್ಮ ಅಜ್ಜಿಯರ ಎಳವೆಯಲ್ಲಿ ಹೊಳೆಜ್ವರ ಬಂದಿತ್ತು. ಜ್ವರ ಹೊಕ್ಕ ಮನೆಗೆ ಯಾರೂ ಕಾಲಿಡಬಾರದೆಂದು ಬಾಗಿಲಿಗೆ ನೀಲಿ ಪಟ್ಟೆ ಬಳಿಯುತ್ತಿದ್ದರಂತೆ. ಪಟ್ಟೆ ಬಿದ್ದ ಮನೆಯಿಂದ ಹೆಚ್ಚಾಗಿ ಹೆಣವೇ ಹೊರಬರುತ್ತಿತ್ತು. ಜ್ವರ ಹೋಯಿತು, ಅಂಜಿಕೆ ಉಳಿಯಿತು. ಗಾಳಿಯ ಬಲದಿಂದ ಓಡುವ ನಮ್ಮ ಗಾಳಿಮಗ್ಗಗಳಲ್ಲಿ ಕೆಂಪು, ಅರಿಸಿನ, ಕಪ್ಪು ನೂಲು ಮಾತ್ರ ಏರುತ್ತಿತ್ತು. ಹೊಳೆಯ ಮೇಲೆ ತೆಪ್ಪ ಕಟ್ಟಿ ಬೆಳೆಯುವ ತೇಲುಹೊಲದಲ್ಲಿ ನೀಲಿ ಹೂ ಅರಳಿದರೂ ಕಿತ್ತೆಸೆಯುತ್ತಿದ್ದರು.

ಈ ಬೇಸಿಗೆಯಲ್ಲಿ ಕೆರೆಯ ಏರಿಯ ಮೇಲೆ ಒಂದು ಗಿಡದ ಎಲೆ ತಿಕ್ಕಿ ನೋಡಿದೆ. ಸ್ವಲ್ಪ ಹೊತ್ತಿಗೆ ಉಗುರು ನೀಲಿಯಾಯಿತು. ಬಣ್ಣ ಹಾಕುವವಳಿಗೆ ಇಷ್ಟು ಸಾಕಲ್ಲ! ಎಲೆ ಕೊಳೆಹಾಕಿದೆ, ಬಡಿದೆ, ಸುಣ್ಣ ಬೆಲ್ಲ ಬೆರೆಸಿ ಹುದುಗಿಸಿದೆ. ಮೊದಮೊದಲ ಗಡಿಗೆಗಳು ಕೆಟ್ಟು ಓಣಿಯೆಲ್ಲ ನಾರಿತು. ಕೊನೆಗೊಂದು ಗಡಿಗೆಯ ಮೇಲೆ ತಾಮ್ರದಂಥ ಕೆನೆ ಕಟ್ಟಿತು. ಸೀರೆ ಅದ್ದಿ ತೆಗೆದರೆ ಬರೀ ಹಸಿರು. ಸಿಟ್ಟು ಬಂದು ಹಗ್ಗದ ಮೇಲೆ ಒಗೆದೆ.

“ಅಕ್ಕಾ, ತಿರುಗಿ ನೋಡಬೇ! ಬಣ್ಣ ಬದಲಾಗಾಕತ್ತೈತಿ!” ಎಂದು ಹೊನ್ನಕ್ಕ ಕಿರುಚಿದಳು.

ಗಾಳಿ ತಾಕಿದಲ್ಲೆಲ್ಲ ಹಸಿರು ಸರಿದು ನೀಲಿ ಹರಡುತ್ತಿತ್ತು. ಆಳವಾದ, ಒಳಗೆಲ್ಲೋ ಕೆಂಪು ಅಡಗಿಸಿಕೊಂಡ ನೀಲಿ. ಇಬ್ಬರೂ ಒದ್ದೆ ಸೀರೆ ಹಿಡಿದು ಕುಣಿದೆವು. “ನನ್ನ ಮದಿವಿಗೆ ಇದ ಸೀರಿ,” ಎಂದಳು ಅವಳು.

ಸುದ್ದಿ ಕೇಳಿ ಬೀಗತಿ ರುದ್ರವ್ವ ಮಗನನ್ನೂ ಕರೆದುಕೊಂಡು ಓಡಿಬಂದರು. “ಸಾವಿನ ಬಣ್ಣ ಉಟ್ಟಾಕಿ ನಮ್ಮ ಹೊಸ್ತಿಲಾ ದಾಟೂದು ಬ್ಯಾಡ್ರಿ. ಸೀರಿ ಬಿಡ್ರಿ, ಇಲ್ಲಾ ಸಂಬಂಧ ಬಿಡ್ರಿ.” ಹೊನ್ನಕ್ಕನ ಮುಖ ಬಾಡಿತು. ಮದುಮಗ ತಲೆ ತಗ್ಗಿಸಿ ನಿಂತಿದ್ದ. ಊರ ಹಿರಿಯರು ಯೋಚಿಸಿ, ಫಕೀರವ್ವಜ್ಜಿ ಒಪ್ಪಿದರೆ ಯಾರದೂ ತಕರಾರಿಲ್ಲ ಎಂದರು. ಪಟ್ಟೆಯ ಬಾಗಿಲ ಹಿಂದೆ ಇದ್ದು ಬದುಕಿ ಬಂದವರಲ್ಲಿ ಉಳಿದವಳು ಆಕೆ ಒಬ್ಬಳೇ. ತಾಯಿಯನ್ನೂ ತಮ್ಮನನ್ನೂ ಅಲ್ಲೇ ಕಳೆದುಕೊಂಡವಳು.

ರುದ್ರವ್ವನ ಎದುರಿಗೇ ಸೀರೆಯನ್ನು ಅಜ್ಜಿಯ ಮಡಿಲಲ್ಲಿ ಇಟ್ಟೆ. ಆಕೆ ಸೆರಗನ್ನು ಬಿಸಿಲಿಗೆ ಹಿಡಿದಳು, ಮೂಸಿದಳು, ಕೆನ್ನೆಗೆ ಒತ್ತಿಕೊಂಡಳು.

“ಇದು ಅದಲ್ಲ,” ಎಂದಳು. “ಬಾಗಲದ್ದು ಕಣ್ಣಿಗೆ ಚುಚ್ಚತಿತ್ತು, ತೆಳ್ಳಗ, ಬೆಳ್ಳಗ. ಇದು ನಮ್ಮವ್ವ ಉಟ್ಟಿದ್ದ ಸೀರಿ ಬಣ್ಣ. ಒಳಗ ಯಾರೂ ಬರತಿದ್ದಿಲ್ಲ, ನಾ ಆ ಸೆರಗಿನಾಗ ಮಾರಿ ಮುಚ್ಚಿಕೊಂಡು ಮಲಗತಿದ್ದೆ. ಅಕಿ ಹೋದಮ್ಯಾಲೆ ಅದನ್ನೂ ಸುಟ್ಟರು.” ಆಮೇಲೆ ರುದ್ರವ್ವನ ಕಡೆ ತಿರುಗಿ, “ಆ ನೀಲಿ ಮಂದಿ ಬಳದದ್ದು. ಇದು ನಮ್ಮವ್ವಂದು. ಎರಡಕ್ಕೂ ಒಂದ ಹೆಸರಿಟ್ಟು ಕುಂತೀವಲ್ಲ ತಂಗಿ, ನಾವೆಂಥಾ ಹುಚ್ಚರು!”

ರುದ್ರವ್ವ ಅಜ್ಜಿಯ ಪಕ್ಕ ಬಂದು ಕೂತರು. ಸೆರಗಿನ ಇನ್ನೊಂದು ತುದಿ ಹಿಡಿದು, ಅದನ್ನು ಅಜ್ಜಿಯ ಹೆಗಲಿಗೆ ಹೊದಿಸಿದರು.

ಇವತ್ತು ಬೆಳಿಗ್ಗೆ ಹೊನ್ನಕ್ಕ ಆ ಸೀರೆಯುಟ್ಟು ಹೊರಬಂದಾಗ ಚಪ್ಪರದಲ್ಲಿದ್ದವರೆಲ್ಲ ಅಜ್ಜಿಯ ಕಡೆ ನೋಡಿದರು. ಮೊದಲ ಅಕ್ಷತೆ ಬಿದ್ದದ್ದು ಫಕೀರವ್ವಜ್ಜಿಯ ಕೈಯಿಂದ. ಆಮೇಲೆ ಅಕ್ಕಿಯ ಮಳೆಯೇ ಸುರಿಯಿತು! ಊಟಕ್ಕೂ ಕೂರದೆ ಹೆಂಗಸರು ನನ್ನ ಸುತ್ತ ಮುತ್ತಿಕೊಂಡು, ತಮಗೂ ಬೇಕೆಂದು ಸೆರಗು ಜಗ್ಗುತ್ತಿದ್ದಾರೆ. “ಯಾವ ನೀಲಿ ಬೇಕ್ರಿ?” ಎಂದರೆ “ಅವ್ವನ ನೀಲಿ” ಎನ್ನುತ್ತಾರೆ. ಬಣ್ಣಕ್ಕೆ ಹೆಸರಾಗಿಯೇಬಿಟ್ಟಿತು.

ಹಿರಿಯರೇ, ನಿಮ್ಮ ಹತ್ತಿರ ಎಷ್ಟು ನೀಲಿಗಳಿದ್ದವೋ ನಮಗೆ ತಿಳಿಯದು. ನಿಮ್ಮ ಮೇಲೂ ಕೆಟ್ಟ ಕಾಲ ಬಂದೀತು. ಆಗ ಒಂದು ಪಟ್ಟೆಯ ಅಂಜಿಕೆಗೆ ಇಡೀ ಬಣ್ಣವನ್ನು ಬಿಟ್ಟುಕೊಡಬೇಡಿ. ಯಾವುದನ್ನು ಯಾರು ಉಟ್ಟಿದ್ದರು, ಯಾವುದರಲ್ಲಿ ಯಾರ ಮಗು ಮಲಗಿತ್ತು, ಒಂದೊಂದಕ್ಕೂ ಬೇರೆ ಬೇರೆ ಹೆಸರಿಟ್ಟು ಮಕ್ಕಳಿಗೆ ಹೇಳಿ. ಹೆಸರು ಉಳಿದರೆ ನಾವು ಹೇಗೋ ಹುಡುಕಿಕೊಳ್ಳುತ್ತೇವೆ.

ಸುಖವಾಗಿರಿ.

ನಿಮ್ಮ
ದ್ಯಾಮಕ್ಕ