ಗೆರೆಯ ಹತ್ತಿರ ಕೂತವಳ ಹೊಟ್ಟೆಕಿಚ್ಚು

ಮಂಡ್ಯ,
ಬಿಡುತಿಂಗಳ ನಾಲ್ಕನೇ ದಿನ, ೨೧೮೭

ತಂಗೀ,

ಈ ತಾರೀಕು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದು ಬಿಡುತಿಂಗಳು, ಆಗ ಯಾರೂ ದುಡಿಯುವುದಿಲ್ಲ. ಎಪ್ಪತ್ತು ದಾಟಿದವರು ಆ ತಿಂಗಳಲ್ಲಿ ಹಿಂದಿನ ಕಾಲದವರೊಬ್ಬರಿಗೆ ಕಾಗದ ಬರೆಯುವ ರೂಢಿಯಿದೆ. ಹಿಂದೋಲೆ ಎನ್ನುತ್ತೇವೆ. ಅದು ತಲುಪುತ್ತದೆಂದು ಯಾರೂ ನಂಬಿಲ್ಲ, ಆದರೂ ಬರೆಯದೆ ಬಿಟ್ಟವರಿಲ್ಲ. ನನ್ನ ಕೆಲವು ಮಾತು ನಿನಗೆ ವಿಚಿತ್ರವೆನಿಸಿದರೆ ಮನ್ನಿಸು. ನೀನು ನನಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು ಹುಟ್ಟಿದವಳು. ಆದರೆ ನಾನು ಕಂಡ ಫೋಟೋದಲ್ಲಿ ನಿನಗೆ ಹತ್ತೊಂಬತ್ತಾಗಿರಬಹುದು ಅಷ್ಟೆ. ಅದಕ್ಕೇ ತಂಗಿ ಎಂದೆ.

ಆ ಫೋಟೋ ನಮ್ಮ ಕಾಲೇಜಿನ ಹಳೆಯ ಬೀರುವಿನಲ್ಲಿತ್ತು. ನಿಮ್ಮ ಕಾಲದ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯ. ಸಂಜೆಯ ಬಿಸಿಲು ಕೋರ್ಟಿನ ಮೇಲೆ ಬಿದ್ದಿದೆ. ಮೂರನೇ ಸಾಲಿನಲ್ಲಿ ನೀನು ಬೆಂಚಿನ ಮೇಲೆ ಹತ್ತಿ ನಿಂತು, ಬಾಯಿ ಅಗಲಿಸಿ, ರೆಫರಿಯ ಕಡೆಗೆ ಬೆರಳು ಚಾಚಿ ಬೈಯುತ್ತಿದ್ದೀಯ. ಅದನ್ನು ಕಂಡು ನನಗೆ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ? ನಿನಗೆ ಸಂಜೆ ಹೊತ್ತು ಬಯಲಲ್ಲಿ ಕೂರಲು ಆಗುತ್ತದೆ. ನಮ್ಮಲ್ಲಿ ಬೆಳಗಿನ ಎಂಟರ ಮೇಲೆ ಹೊರಗೆ ನಿಲ್ಲಲಾಗದು. ಆಟವೆಲ್ಲ ಐದೂವರೆಗೆ ಶುರುವಾಗಿ ಏಳಕ್ಕೆ ಮುಗಿಯುತ್ತದೆ. ಒದ್ದೆ ಟವೆಲ್ ಕುತ್ತಿಗೆಗೆ ಸುತ್ತಿಕೊಂಡು, ನಾಲೆಯ ಮೇಲೆ ತೇಲಿಬರುವ ನೀರುಬಂಡಿಯಲ್ಲಿ ನಿದ್ದೆಗಣ್ಣಲ್ಲೇ ಬಂದಿಳಿಯುತ್ತೇವೆ. ಅದೂ ಹೋಗಲಿ. ಸೋತಾಗ ಬೈಯಲು ನಿನಗೊಬ್ಬ ರೆಫರಿಯಿದ್ದಾನೆ. ನಮಗೆ ಅವನೂ ಇಲ್ಲ.

ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ರೆಫರಿಯ ಜಾಗಕ್ಕೆ ಯಂತ್ರ ಬಂತು. ಯಂತ್ರ ತಪ್ಪು ಮಾಡಲಿಲ್ಲ, ಆದರೆ ಆಡುವವರು ಯಂತ್ರಕ್ಕೆ ಕಾಣದಂತೆ ಮೋಸ ಮಾಡುವುದನ್ನೇ ಕಲಿತರು. ಕೊನೆಗೆ ಬೇಸತ್ತು ಎರಡನ್ನೂ ತೆಗೆದುಹಾಕಿ ಕೈಯೊಪ್ಪು ಎಂಬ ನಿಯಮ ತಂದರು. ತಪ್ಪು ಮಾಡಿದವರು, ಚೆಂಡನ್ನು ಕೊನೆಗೆ ಮುಟ್ಟಿದವರು, ತಾವೇ ಕೈ ಎತ್ತಬೇಕು. ಯಾರೂ ಎತ್ತದಿದ್ದರೆ ಕೋರ್ಟಿನ ಅಂಚಿನ ಗೆರೆಯ ಹತ್ತಿರ ಕೂತ ಕೂಗಾಳನ್ನು ಕೇಳುತ್ತಾರೆ. ಕೂಗಾಳು ಎಂದರೆ ಒಂದು ಕಾಲೇಜಿನ ಅಭಿಮಾನಿಗಳ ಮುಂದೆ ನಿಂತು ಕೂಗಿಸುವವರು. ನಾನು ಅದಾಗಿದ್ದೆ.

ಆಗಬೇಕೆಂದು ಆದದ್ದಲ್ಲ. ನನಗೆ ಆಡಬೇಕಿತ್ತು. ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಲ್ಲಿದ್ದ ಮಾದೇವಿ, ಮಳವಳ್ಳಿ ಕಡೆಯ ಹುಡುಗಿ, ಚೆಂಡು ಪುಟಿಸಲು ಕಲಿತದ್ದೇ ನನ್ನಿಂದ. ಎರಡನೇ ವರ್ಷ ಕೋಚ್ ಕೆಂಪಯ್ಯ ಮೇಷ್ಟ್ರು ಹನ್ನೆರಡು ಹೆಸರು ಓದಿದರು. ಅವಳದಿತ್ತು, ನನ್ನದಿರಲಿಲ್ಲ. "ಬೇಜಾರ್ ಮಾಡ್ಕಬೇಡ ಕಣವ್ವ ಇಂಚರ. ನಿನ್ ಗಂಟ್ಲು ಚೆನ್ನಾಗದೆ, ಕೂಗಾಳಾಗು" ಎಂದರು. ಆದೆ. ಎಂಥಾ ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ಮಾದೇವಿ ಚೆಂಡು ಎಸೆದಾಗಲೆಲ್ಲ ನಾನು ಅವಳ ಹೆಸರು ಹಿಡಿದು ಕೂಗುತ್ತಿದ್ದೆ. ಅದು ಬುಟ್ಟಿಗೆ ಬೀಳದೆ ರಿಂಗಿಗೆ ಬಡಿದು ಹೊರಗೆ ಹಾರಿದರೆ ಒಳಗೊಳಗೇ ಬೆಲ್ಲ ತಿಂದಂತಾಗುತ್ತಿತ್ತು. ಕೋಣೆಗೆ ಬಂದು ಅವಳ ಊದಿದ ಕಾಲಿಗೆ ನಾನೇ ಎಣ್ಣೆ ತಿಕ್ಕುತ್ತಿದ್ದೆ.

ಆ ವರ್ಷದ ಫೈನಲ್ ಹಾಸನದವರ ಮೇಲೆ, ನಮ್ಮ ಕೋರ್ಟಿನಲ್ಲೇ. ನಾವು ಐವತ್ತೆಂಟು, ಅವರು ಐವತ್ತೇಳು. ಎಂಟು ಸೆಕೆಂಡು ಉಳಿದಿತ್ತು. ಮಾದೇವಿಯೂ ಹಾಸನದ ಹುಡುಗಿಯೊಬ್ಬಳೂ ಚೆಂಡಿಗೆ ಒಟ್ಟಿಗೇ ಹಾರಿದರು. ಚೆಂಡು ಗೆರೆ ದಾಟಿ ನನ್ನ ಕಾಲ ಬಳಿ ಬಂದು ಬಿತ್ತು. ಇಬ್ಬರೂ ಕೈ ಎತ್ತಲಿಲ್ಲ. ಪಂದ್ಯ ನಡೆಸುವ ಹಿರಿಯರು ನನ್ನ ಮುಂದೆ ಬಂದು, "ನೀ ನೋಡ್ದಾ? ಯಾರ್ ಕೈ ತಗುಲ್ತು?" ಎಂದರು.

ನಾನು ನೋಡಿದ್ದೆ. ಮಾದೇವಿಯ ಕಿರುಬೆರಳ ಉಗುರು ಚೆಂಡನ್ನು ಸವರಿತ್ತು, ಅಷ್ಟೇ. ಗೊತ್ತಾಗಲಿಲ್ಲ ಎಂದಿದ್ದರೆ ಯಾರೂ ಮರುಮಾತಾಡುತ್ತಿರಲಿಲ್ಲ. ನಾನು ಎದ್ದು ನಿಂತು, ಕೂಗಿಸುವ ಅದೇ ಗಂಟಲಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಮಾದೇವಿದು."

ಚೆಂಡು ಹಾಸನದವರ ಪಾಲಾಯಿತು. ಅವರು ಬುಟ್ಟಿಗೆ ಹಾಕಿದರು. ನಾವು ಸೋತೆವು.

ಆಮೇಲೆ ಆದದ್ದು ಇನ್ನೂ ವಿಚಿತ್ರ. ನನ್ನನ್ನು ಬೈಯುತ್ತಾರೆ ಅಂದುಕೊಂಡಿದ್ದೆ, ಹೊಗಳಿದರು. ಸ್ವಂತ ಕಾಲೇಜು ಸೋತರೂ ನಿಜ ನುಡಿದವಳು ಎಂದು ಪ್ರಿನ್ಸಿಪಾಲರು ಶಾಲು ಹೊದಿಸಿದರು. ಆಟದಿಂದ ಕಲಿಯಬೇಕಾದ ಗುಣ ಇದೇ ಎಂದು ಮೇಷ್ಟ್ರು ತರಗತಿಯಲ್ಲಿ ನನ್ನ ಹೆಸರು ಹೇಳಿದರು. ಮಾದೇವಿಗೆ ಮಾತ್ರ 'ಕೈ ಬಚ್ಚಿಟ್ಟವಳು' ಎಂಬ ಹೆಸರು ಬಂತು. ನಮ್ಮ ಕಾಲದಲ್ಲಿ ಅದಕ್ಕಿಂತ ಕೀಳಾದ ಬೈಗುಳವಿಲ್ಲ. ಮೆಸ್ಸಿನಲ್ಲಿ ಅವಳು ತಟ್ಟೆ ಹಿಡಿದು ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಉಗುರು ಸವರಿದ್ದು ಅವಳಿಗೆ ತಿಳಿದಿರಲು ಸಾಧ್ಯವೇ ಇರಲಿಲ್ಲ ಎಂಬ ಒಂದು ಮಾತು ನಾನು ಹೇಳಿದ್ದರೆ ಸಾಕಿತ್ತು. ಇಪ್ಪತ್ತು ದಿನ ಹೇಳಲಿಲ್ಲ. ಶಾಲು ನನ್ನ ಮಂಚದ ಮೇಲೆ ಮಡಿಸಿಟ್ಟಿತ್ತು, ಅವಳು ಎದುರು ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಅವಳು ಚೀಲ ಕಟ್ಟತೊಡಗಿದಳು. ಊರಿಗೆ ಹೋಗುತ್ತೇನೆ, ಇನ್ನು ಬರುವುದಿಲ್ಲ ಎಂದಳು. ಆಗ ನನ್ನ ಬಾಯಿಂದ ಮಾತು ಹೊರಬಿತ್ತು.

"ಮಾದೇವಿ, ಅವತ್ತು ನಾ ನಿಜ ಹೇಳ್ಬೇಕು ಅಂತ ಹೇಳ್ಲಿಲ್ಲ ಕಣೆ. ನೀ ಸೋಲ್ಲಿ ಅಂತ ಹೇಳ್ದೆ."

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣೆ. ಹೇಳ್ವಾಗ ನಿನ್ ಮುಖ ನೋಡ್ದೆ. ನಗ್ತಿದ್ದೆ."

"ಗೊತ್ತಿದ್ದೂ ಯಾಕ್ ಸುಮ್ಕಿದ್ದೆ?"

"ಏನಂತ ಹೇಳ್ಲಿ? ನೀ ಹೇಳಿದ್ದು ನಿಜಾನೇ ತಾನೆ. ನಂಗ್ ತಿಳೀಲಿಲ್ಲ, ಆದ್ರೆ ನೀ ನೋಡಿದ್ದಲ್ಲ, ತಗುಲೇ ಇರ್ಬೇಕು." ಆಮೇಲೆ ಚೀಲದ ಬಾಯಿ ಎಳೆದು ಕಟ್ಟಿ, "ನಂಗೆ ಹೇಳಿ ಏನ್ ಬಂತು? ಮೆಸ್ನಲ್ಲಿ ತಿಂಡಿಗೆ ಕೂತವ್ರಲ್ಲ, ಅವ್ರಿಗೆ ಹೇಳೋಗು" ಎಂದಳು.

ಹೋದೆ. ಮೆಸ್ಸಿನಲ್ಲಿ ನೂರೈವತ್ತು ಜನ ತಿಂಡಿ ತಿನ್ನುತ್ತಿದ್ದರು. ಪಂದ್ಯದಲ್ಲಿ ಎಲ್ಲರಿಗೂ ಕೇಳಿಸಿದ ದನಿ ಅಲ್ಲಿ ಎರಡನೇ ಮೇಜಿಗೂ ಮುಟ್ಟಲಿಲ್ಲ. ಎರಡು ಸಲ ಹೇಳಬೇಕಾಯಿತು. ಅವಳಿಗೆ ತಿಳಿದಿರಲಿಲ್ಲ, ನನಗೆ ಹೊಟ್ಟೆಕಿಚ್ಚಿತ್ತು, ಇಷ್ಟು ದಿನ ಬೇಕೆಂದೇ ಸುಮ್ಮನಿದ್ದೆ. ಕೆಂಪಯ್ಯ ಮೇಷ್ಟ್ರು ತಟ್ಟೆ ಪಕ್ಕಕ್ಕಿಟ್ಟು ಬಂದು, ನನ್ನ ಕುತ್ತಿಗೆಯಲ್ಲಿದ್ದ ಕೂಗಾಳಿನ ಕೆಂಪು ಪಟ್ಟಿ ಬಿಚ್ಚಿಕೊಂಡು ಹೋದರು. ಅದೇ ಸರಿಯಿತ್ತು.

ಮಾದೇವಿ ಉಳಿದಳು. ಕೋಣೆ ಬದಲಿಸಿಕೊಂಡಳು. ನಾವು ಮತ್ತೆ ಮೊದಲಿನಂತಾದೆವು ಎಂದು ಬರೆಯಲು ನನಗೂ ಆಸೆ, ಆಗಲಿಲ್ಲ. ಎದುರಾದರೆ ತಲೆ ಆಡಿಸುತ್ತಿದ್ದಳು. ಮುಂದಿನ ವರ್ಷದ ಫೈನಲ್ಲಿನಲ್ಲಿ ಇಪ್ಪತ್ತಾರು ಅಂಕ ಅವಳೊಬ್ಬಳದೇ. ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆ. ಅವಳು ದೂರದಿಂದ ಎಸೆದ ಚೆಂಡು ರಿಂಗನ್ನೂ ತಾಕದೆ ಒಳಗಿಳಿದಾಗ, ನಾನು ಎದ್ದು ಅವಳ ಹೆಸರು ಕೂಗಿದೆ. ಯಾರೂ ಕೂಗಿಸಿರಲಿಲ್ಲ. ಹೊಟ್ಟೆ ಎಂದಿನಂತೆಯೇ ಉರಿಯುತ್ತಿತ್ತು. ನನಗೇ ಆಶ್ಚರ್ಯವಾಯಿತು: ಉರಿಯೂ ಕೂಗೂ ಒಂದೇ ಎದೆಯಲ್ಲಿ ಇರಬಲ್ಲವು, ಒಂದಕ್ಕಾಗಿ ಇನ್ನೊಂದು ಕಾಯಬೇಕಿಲ್ಲ.

ತಂಗೀ, ನಾನು ನಿನ್ನಲ್ಲಿ ಕೇಳುವುದು ಇಷ್ಟೇ. ನಿನಗಿಂತ ಚೆನ್ನಾಗಿ ಆಡುವವಳೊಬ್ಬಳು ನಿನ್ನ ಪಕ್ಕದಲ್ಲೇ ಇರುತ್ತಾಳೆ. ಅವಳಿಗಾಗಿ ಕೂಗು. ನಿನ್ನ ಮನಸ್ಸು ತಿಳಿಯಾದ ಮೇಲೆ ಕೂಗಿದರಾಯಿತು ಎಂದು ಕಾಯಬೇಡ. ನನಗೆ ಈಗ ಎಪ್ಪತ್ತೊಂದು. ಇನ್ನೂ ತಿಳಿಯಾಗಿಲ್ಲ.

ಇಂತಿ ನಿನ್ನ,
ಇಂಚರ