ಟಿ.ವಿ.ಯ ಮಕ್ಕಳು ಒಲ್ಲೆ ಅನ್ನುವುದಿಲ್ಲ

ಶಹಾಪುರ
ಸೋಮವಾರ, ೬-೧-೨೦೨೫

ನನ್ನ ಮುದ್ದು ಮಲ್ಲೇಶ್ವರಿಗೆ,

ನೆಗಡಿ ಕಡಿಮೆಯಾಯಿತೇ? ಯಾದಗಿರಿಯ ಆ ಬಾಡಿಗೆ ಕೋಣೆಯಲ್ಲಿ ಕಿಟಕಿ ತೆರೆದು ಮಲಗಬೇಡ ಎಂದರೆ ಕೇಳುವವಳಲ್ಲ ನೀನು. ದವಾಖಾನೆಯಲ್ಲಿ ಊರವರಿಗೆಲ್ಲ ಸೂಜಿ ಚುಚ್ಚುವ ನರ್ಸಮ್ಮ, ತಾನು ಮಾತ್ರ ಒಂದು ಗುಳಿಗೆ ನುಂಗಲಾರಳು. ನಾನು ಆರಾಮ. ಸಂಕ್ರಾಂತಿ ಬಂತಲ್ಲ, ಸಜ್ಜೆ ರೊಟ್ಟಿಗೆ ಜನ ಮುಗಿಬಿದ್ದಿದ್ದಾರೆ. ನಾನೂ ಪಕ್ಕದ ಮನೆಯ ಅನ್ವರಬಿಯೂ ಬೆಳಗಿನಿಂದ ಬಡಿಯುತ್ತಲೇ ಇದ್ದೇವೆ. ಫೋನ್ ಬಿಟ್ಟು ಪತ್ರ ಯಾಕೆ ಎನ್ನಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತಿ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ.

ನೋಡು ನೋಡು ಎಂದು ನೀನು ಗಂಟುಬಿದ್ದ ಆ ಪ್ರೇಮದ ಸಿನಿಮಾಗಳನ್ನೆಲ್ಲ ಟಿ.ವಿ.ಯಲ್ಲಿ ನೋಡಿದೆವು, ರೊಟ್ಟಿ ಬಡಿಯುತ್ತಲೇ. ಎಲ್ಲದರಲ್ಲೂ ಒಂದೇ ಕತೆಯಲ್ಲವೇ? ಗಂಡ ಸತ್ತವಳಿಗೆ ಒಂದು ಕೇಕಿನ ಅಂಗಡಿ ಇರಲೇಬೇಕು. ಹೆಂಡತಿ ಸತ್ತವನು ಅಲ್ಲಿಗೇ ಬರಬೇಕು. ಅವಳ ಕೆನ್ನೆಗೆ ಹಿಟ್ಟು ಹತ್ತಬೇಕು, ಅವನು ಒರೆಸಬೇಕು. ‘ನಮ್ಮ ಮಾರಿಗಿ ದಿನಾ ಹಿಟ್ಟು ಹತ್ತತದ, ಒಬ್ಬರರೆ ಒರಸಾಕ ಬಂದಾರೇನ ಸೂಗವ್ವ?’ ಎಂದು ಅನ್ವರಬಿ ಬಿದ್ದು ಬಿದ್ದು ನಕ್ಕಳು. ಗೋಡೆಯ ಫೋಟೋದ ಮುಂದೆ ನಿಂತು ಸತ್ತವರ ಅಪ್ಪಣೆ ಕೇಳುವುದು ಬೇರೆ. ನಿಮ್ಮಪ್ಪ ಬದುಕಿದ್ದಾಗಲೇ ನಾನು ಯಾವುದಕ್ಕೂ ಅಪ್ಪಣೆ ಕೇಳಿದವಳಲ್ಲ. ಜಗಳವಾಡುತ್ತಿದ್ದೆ, ಅಷ್ಟೇ.

ನನಗೆ ಸಿಟ್ಟು ಬಂದದ್ದು ಮಾತ್ರ ಆ ಸಿನಿಮಾದ ಮಕ್ಕಳ ಮೇಲೆ. ತಾಯಿ ಸತ್ತು ವರ್ಷ ತುಂಬಿರುವುದಿಲ್ಲ, ಬಂದವಳ ಕೈ ಹಿಡಿದು ನಮ್ಮ ಮನೆಗೆ ಬಾ ಎನ್ನುತ್ತವೆ. ಮುನಿಸಿಕೊಂಡರೂ ಜಾಹೀರಾತು ಮುಗಿಯುವಷ್ಟರಲ್ಲಿ ಸರಿಹೋಗುತ್ತವೆ. ಇಂಥ ಮಕ್ಕಳನ್ನು ಯಾರು ಹೆತ್ತರೋ ಮಹಾರಾಯರು! ನೀನು ಹಾಗಿದ್ದೆಯಾ? ಅಪ್ಪ ಹೋದ ಮರುವರ್ಷ ಸುರಪುರದ ಒಂದು ಮನೆಯವರು ನನ್ನನ್ನು ಉಡಿಕೆ ಮಾಡಿಕೊಳ್ಳುತ್ತೇವೆಂದು ಮರುಮದುವೆಯ ಸೀರೆ ಹಿಡಿದು ಬಂದಿದ್ದರು. ಆ ಸೀರೆಯನ್ನು ನೀನು ಒಯ್ದು ಎಮ್ಮೆಯ ಮುಸುರೆ ಬಾನಿಯಲ್ಲಿ ಅದ್ದಿದೆ. ‘ನಮ್ಮವ್ವ ಎಲ್ಲಿಗೂ ಬರಂಗಿಲ್ಲ’ ಎಂದು ಬಾಗಿಲಿಗೆ ಅಡ್ಡ ನಿಂತೆ. ನಾನು ಅವರಿಗೆ ಚಹಾ ಕುಡಿಸಿ ಕಳಿಸಿದೆ. ನಿನಗದು ನೆನಪಿದೆ, ಅದಕ್ಕೇ ಈಗ ನನಗೆ ಗಂಡು ಹುಡುಕುವ ಈ ಓಡಾಟ. ಅದನ್ನು ಮನಸ್ಸಿನಿಂದ ತೆಗೆದುಹಾಕು ಮಗಳೇ. ಅಪ್ಪನನ್ನು ಇಷ್ಟು ಹಚ್ಚಿಕೊಂಡಿದೆಯಲ್ಲ ಈ ಕೂಸು ಎಂದು ಅಂದು ನನಗೆ ಅಳು ಬಂದಿತ್ತೇ ಹೊರತು ಸಿಟ್ಟಲ್ಲ.

ಹೈಸ್ಕೂಲಿನಲ್ಲಿ ನಿನಗೆ ಗಣಿತ ಕಲಿಸಿದ ವಿಶ್ವರಾಧ್ಯ ಮಾಸ್ತರು ಈಚೆಗೆ ನಮ್ಮಲ್ಲೇ ರೊಟ್ಟಿ ಒಯ್ಯುತ್ತಾರೆ. ಪಾಪ, ಹೋದ ವರ್ಷ ಹೆಂಡತಿ ತೀರಿಕೊಂಡರು. ಕಳಿಸಿದವಳು ನೀನೇ ಎಂದು ಮೊದಲ ದಿನವೇ ಗೊತ್ತಾಯಿತು. ರೊಟ್ಟಿ ಕೊಳ್ಳಲು ಯಾರಾದರೂ ಇಸ್ತ್ರಿ ಅಂಗಿ ಹಾಕಿಕೊಂಡು ಬರುತ್ತಾರೆಯೇ? ಮನುಷ್ಯ ಒಳ್ಳೆಯವರು, ನಾನು ಬೈದರೂ ನಗುತ್ತಾರೆ. ಜೊತೆಗೆ ಏಳು ವರ್ಷದ ಮಗಳು, ಶಾಂಭವಿ. ಅವಳೇನೂ ನನ್ನ ಕೈ ಹಿಡಿಯಲಿಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟರೆ ತಟ್ಟೆ ದೂಡಿ, ‘ನಮ್ಮವ್ವ ಎರಡೂ ಕಡಿ ಎಳ್ಳು ಹಚ್ಚತಿದ್ಲು. ನಿನಗ ಬರಂಗಿಲ್ಲ’ ಎಂದಳು. ಮಾಸ್ತರು ಕಣ್ಣು ಬಿಟ್ಟರು. ‘ಬೈಬ್ಯಾಡ್ರಿ ಮಾಸ್ತರ, ಖರೇನ ಹೇಳ್ಯಾಳ’ ಎಂದೆ. ಹುಡುಗಿ ನನಗೆ ಬಹಳ ಹಿಡಿಸಿದಳು.

ಇನ್ನು ಮೇಲೆ ಸಿನಿಮಾವೂ ಬೇಡ, ನಿನ್ನ ಉಪಾಯಗಳೂ ಬೇಡ. ಹಬ್ಬಕ್ಕೆ ರಜೆ ಸಿಕ್ಕರೆ ಬಾ. ನಮ್ಮ ದೇವರು ಮಲ್ಲಯ್ಯ ನಿನ್ನನ್ನು ಗಟ್ಟಿಮುಟ್ಟಾಗಿ ಇಟ್ಟಿರಲಿ.

ಇಂತಿ ನಿನ್ನ ಅವ್ವ,
ಸೂಗಮ್ಮ

ತಾ.ಕ.: ಅನ್ವರಬಿ ಪೋಸ್ಟಿಗೆ ಹೊರಟು ನಿಂತಿದ್ದಾಳೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಮಾಸ್ತರು ಬಾಯಿಬಿಟ್ಟು ಕೇಳಿಯೇ ಬಿಟ್ಟರು. ‘ನಾ ಹೂಂ ಅಂದ್ರ ಮುಗೀತೇನ್ರಿ? ನಿಮ್ಮ ಮಗಳನ್ನ ಕೇಳ್ರಿ’ ಎಂದೆ. ಕೇಳಿದರಂತೆ. ಒಲ್ಲೆ ಎಂದಳಂತೆ. ಅವಳನ್ನು ಒಪ್ಪಿಸಲು ನೀನು ಬರಬೇಡ ಮಲ್ಲೇಶ್ವರಿ. ನಾನು ಕಾಯುತ್ತೇನೆ.